ಫುಟ್‌ಬಾಲ್ ಮೈದಾನದಲ್ಲಿ ಜನಾಂಗೀಯ ನಿಂದನೆ: ಬೆಂಗಳೂರಿನ ಹಿನ್ನೆಲೆಯಲ್ಲಿ

ಜನಾಂಗೀಯ ನಿಂದನೆಗೆ ವೃತ್ತಿಪರ ಫುಟ್‌ಬಾಲ್‌ನಲ್ಲಿ ಕಟ್ಟುನಿಟ್ಟಾದ ಶಿಕ್ಷೆ ನಿಗದಿಯಾದದ್ದು ಈಚೆಗೆ. ಭೇದಭಾವ ಮಾತ್ರ ಬಹಳ ಹಳೆಯದು. ಬೆಂಗಳೂರಿನ ದಂಡುಪ್ರದೇಶಕ್ಕೆ ಈ ಆಟ ಬಂದದ್ದೇ ಬ್ರಿಟಿಷ್ ಪಡೆಗಳ ಜೊತೆ. ಮುಂಬಯಿಯ ರೋವರ್ಸ್ ಕಪ್ 1891ರಿಂದಲೂ ಬಿಳಿಯ ಸೈನಿಕರ ತಂಡಗಳ ಕೈಯಲ್ಲಿತ್ತು. 1937ರಲ್ಲಿ ಅದನ್ನು ಗೆದ್ದ ಬೆಂಗಳೂರು ಮುಸ್ಲಿಮ್ಸ್ ತಂಡದ ಸಾಧನೆಗೆ ಕನ್ನಡದ ಕ್ರೀಡಾ ಬರವಣಿಗೆಯಲ್ಲಿ ಇನ್ನೂ ತಕ್ಕ ಸ್ಥಾನ ಸಿಗಬೇಕಾಗಿದೆ.

ಸ್ವಾತಂತ್ರ್ಯಾನಂತರ ಭೇದದ ಗೆರೆ ದೇಶದೊಳಗೇ ಜಾಗ ಬದಲಿಸಿತು. 2012ರ ಆಗಸ್ಟ್‌ನಲ್ಲಿ ದಾಳಿಯ ವದಂತಿಗಳಿಗೆ ಹೆದರಿದ ಈಶಾನ್ಯ ರಾಜ್ಯಗಳ ಸಾವಿರಾರು ಮಂದಿ ಬೆಂಗಳೂರಿನಿಂದ ಗುವಾಹಟಿಯ ರೈಲು ಹತ್ತಿದರು. ಮರುವರ್ಷವೇ ಬೆಂಗಳೂರು ಎಫ್‌ಸಿ ಹುಟ್ಟಿತು. ಮುಂದೆ ಮೇಘಾಲಯದ ಯೂಜೆನ್ಸನ್ ಲಿಂಗ್ಡೊ, ಮಣಿಪುರದ ಉದಾಂತ ಸಿಂಗ್ ಆ ತಂಡದ ನೀಲಿ ಅಂಗಿಯಲ್ಲಿ ನಗರದ ಅಭಿಮಾನಿಗಳ ಮೆಚ್ಚಿನವರಾದರು. ಬೀದಿಯಲ್ಲಿ ಮುಖ ನೋಡಿ ಹೊರಗಿನವರೆಂದು ಎಣಿಸುವ ಊರು, ಕಂಠೀರವ ಕ್ರೀಡಾಂಗಣದಲ್ಲಿ ಅವರನ್ನು ತನ್ನವರೆಂದು ಕೂಗಿ ಕರೆಯಿತು.

ಅದೇ ತಂಡ 2023ರ ಸೆಪ್ಟೆಂಬರ್ 21ರಂದು ಕೊಚ್ಚಿಯಲ್ಲಿ ಕೇರಳ ಬ್ಲಾಸ್ಟರ್ಸ್ ಎದುರು ಇಂಡಿಯನ್ ಸೂಪರ್ ಲೀಗ್ ಪಂದ್ಯವಾಡಿ 1-2ರಿಂದ ಸೋತಿತು. ಪಂದ್ಯದ ನಡುವೆ ಬ್ಲಾಸ್ಟರ್ಸ್‌ನ ಮೇಘಾಲಯದ ಆಟಗಾರ ಐಬನ್‌ಭಾ ಡೋಲಿಂಗ್ ಜೊತೆ ವಾಗ್ವಾದವಾದಾಗ ಬೆಂಗಳೂರು ತಂಡದ ರಯಾನ್ ವಿಲಿಯಮ್ಸ್ ಮೂಗು ಹಿಡಿದುಕೊಂಡ ದೃಶ್ಯ ಕ್ಯಾಮೆರಾದಲ್ಲಿ ಸೆರೆಯಾಯಿತು. ಇದು ಜನಾಂಗೀಯ ಅವಹೇಳನವೆಂದು ಬ್ಲಾಸ್ಟರ್ಸ್ ಅಧಿಕೃತವಾಗಿ ದೂರಿತು. ದೂರಿನ ಹಿಂದಿನ ನೋವು ಊಹೆಯದಲ್ಲ. ಮೈವಾಸನೆ, ಅಡುಗೆಯ ವಾಸನೆ, ಕಣ್ಣು-ಮೂಗಿನ ಆಕಾರ ಇವನ್ನೆತ್ತಿ ಹಂಗಿಸುವುದು ಈಶಾನ್ಯದವರು ಬಾಡಿಗೆ ಮನೆಯಿಂದ ಕಾಲೇಜಿನವರೆಗೆ ದಿನವೂ ಎದುರಿಸುವ ಅವಮಾನ.

ಇಂಥ ಸನ್ನೆಯನ್ನು ಅಳೆಯುವುದು ಹೇಗೆ ಎಂಬಲ್ಲಿ ಯುರೋಪಿನ ಪ್ರಕರಣಗಳು ನೆರವಿಗೆ ಬರುತ್ತವೆ. 2011ರ ಅಕ್ಟೋಬರ್‌ನಲ್ಲಿ ಎದುರಾಳಿ ಆಟಗಾರ ಪ್ಯಾಟ್ರಿಸ್ ಎವ್ರಾ ಅವರನ್ನು ನಿಂದಿಸಿದ್ದಕ್ಕಾಗಿ ಲಿವರ್‌ಪೂಲ್‌ನ ಲೂಯಿಸ್ ಸುವಾರೆಜ್‌ಗೆ ಎಂಟು ಪಂದ್ಯಗಳ ನಿಷೇಧವಾಯಿತು. ತಾನು ಆಡಿದ ಮಾತು ತನ್ನ ನಾಡಿನಲ್ಲಿ ಬೈಗುಳವಲ್ಲ ಎಂಬ ಸುವಾರೆಜ್ ವಾದ ನಿಲ್ಲಲಿಲ್ಲ. ಆಟಗಾರ ಜಾನ್ ಟೆರ್ರಿಯವರನ್ನು 2012ರಲ್ಲಿ ನ್ಯಾಯಾಲಯ ಜನಾಂಗೀಯ ನಿಂದನೆಯ ಆರೋಪದಿಂದ ಖುಲಾಸೆ ಮಾಡಿದರೂ ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ ನಾಲ್ಕು ಪಂದ್ಯ ಹೊರಗಿಟ್ಟಿತು: ಸಂಶಯಾತೀತ ಪುರಾವೆ ಅಪರಾಧ ಕಾನೂನಿಗೆ ಬೇಕು, ಕ್ರೀಡಾ ಶಿಸ್ತಿಗೆ ಸಂಭವನೀಯತೆಯ ತೂಕ ಸಾಕು. 2021ರಲ್ಲಿ ಸ್ಲಾವಿಯಾ ಪ್ರಾಗ್‌ನ ಒಂಡ್ರೆ ಕುಡೆಲಾ ಬಾಯಿಗೆ ಕೈ ಅಡ್ಡ ಹಿಡಿದು ಎದುರಾಳಿ ಗ್ಲೆನ್ ಕಮಾರಾ ಕಿವಿಯಲ್ಲಿ ಆಡಿದ ಮಾತಿಗೆ ಯುರೋಪಿನ ಫುಟ್‌ಬಾಲ್ ಸಂಸ್ಥೆ ಯುಇಎಫ್‌ಎ ಹತ್ತು ಪಂದ್ಯಗಳ ನಿಷೇಧ ವಿಧಿಸಿತು. ಯುಇಎಫ್‌ಎ ನಿಯಮಗಳಲ್ಲಿ 2013ರಿಂದಲೇ ಇದ್ದ ಹತ್ತು ಪಂದ್ಯಗಳ ಈ ಕನಿಷ್ಠ ಶಿಕ್ಷೆ 2019ರಲ್ಲಿ ಫಿಫಾ ಶಿಸ್ತು ಸಂಹಿತೆಗೂ ಬಂತು. 2024ರಲ್ಲಿ ಫಿಫಾ, ನಿಂದನೆಗೊಳಗಾದ ಆಟಗಾರ ಮಣಿಕಟ್ಟುಗಳನ್ನು ಅಡ್ಡಹಾಯಿಸಿ ರೆಫರಿಗೆ ತಿಳಿಸುವ ಸಂಜ್ಞೆಯನ್ನು ತಂದಿತು. ನಿಂದನೆ ಮುಂದುವರಿದರೆ ಪಂದ್ಯವನ್ನು ನಿಲ್ಲಿಸಬಹುದು, ಕೆಲಕಾಲ ಮುಂದೂಡಬಹುದು, ಕೊನೆಗೆ ರದ್ದುಪಡಿಸಬಹುದು.

ಈ ಪ್ರಕರಣಗಳೆಲ್ಲ ಮುಖ್ಯವಾಗಿ ಚರ್ಮದ ಬಣ್ಣವನ್ನು ಕುರಿತವು. ಭಾರತದ ನಿಂದನೆಗೆ ಮುಖಲಕ್ಷಣ, ಜಾತಿ, ಊಟ, ಹುಟ್ಟೂರು ಎಲ್ಲವೂ ಸರಕು. ಮೂಗು ಹಿಡಿಯುವಂಥ ಸನ್ನೆಯ ಅರ್ಥ ತಿಳಿಯಲು ಇಲ್ಲಿನ ಬೀದಿಗಳ ಅನುಭವ ಗೊತ್ತಿರಬೇಕು. ಸುವಾರೆಜ್ ಪ್ರಕರಣದ ತೀರ್ಪು 115 ಪುಟಗಳಲ್ಲಿ, ಸಾಕ್ಷ್ಯ ಮತ್ತು ತರ್ಕಸಹಿತ ಸಾರ್ವಜನಿಕವಾಗಿ ಪ್ರಕಟವಾಯಿತು. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ಕೂಡ ಇಂಥ ಪ್ರತಿಯೊಂದು ದೂರಿಗೂ ಅಷ್ಟೇ ವಿವರವಾದ ತೀರ್ಪು ಬರೆದು ಪ್ರಕಟಿಸಬೇಕು. ವಿಚಾರಣಾ ಸಮಿತಿಯಲ್ಲಿ ಈಶಾನ್ಯದವರೊಬ್ಬರು ಇರಲೇಬೇಕು.