ದಾವೆ ತೂಗಾಡುತ್ತಿರುವಾಗ

ದಾವೆ, ಜಪ್ತಿ, ಜಾಮೀನು, ವಕಾಲತ್ತು. ಕನ್ನಡವೆಂದೇ ನಾವು ಆಡುವ ಈ ಮಾತುಗಳು ಅರಬ್ಬಿ-ಫಾರ್ಸಿಯಿಂದ ಬಂದವು. ಉರ್ದು ಶಾಲೆಯನ್ನೂ ಕನ್ನಡ ಶಾಲೆಯನ್ನೂ ಕಂಡ ನಮಗೆ ಅವುಗಳ ಮೂಲ ತಿಳಿಯುವುದು ಕಷ್ಟವಲ್ಲ. ಆದರೆ ಜಪ್ತಿಯ ಅರ್ಥ ತಿಳಿಯದವನ ಮನೆಗೂ ಜಪ್ತಿ ಬರುತ್ತದೆ. ಆಳುವವರ ಭಾಷೆ ಕೋರ್ಟಿನಲ್ಲಿ ಉಳಿದುಬಿಡುವುದು ನಮ್ಮಲ್ಲಿ ಮಾತ್ರ ನಡೆದದ್ದಲ್ಲ. ಅಮೆರಿಕದ ಸಿವಿಲ್ ಕೋರ್ಟುಗಳಲ್ಲಿ ಆ ಜಾಗದಲ್ಲಿ ಲ್ಯಾಟಿನ್ ಕುಳಿತಿದೆ.

ಅದರಲ್ಲೂ ತೀರ್ಪಿಗೆ ಮುಂಚಿನ ತಾತ್ಕಾಲಿಕ ಹುಕುಮುಗಳಲ್ಲಿ ಲ್ಯಾಟಿನ್ ಹೆಚ್ಚು. ‘ಪೆಂಡೆಂಟೆ ಲಿಟೆ’ ಎಂದರೆ ದಾವೆ ತೂಗಾಡುತ್ತಿರುವಾಗ. ವಿಚ್ಛೇದನದ ದಾವೆ ಮುಗಿಯುವವರೆಗೆ ಕೊಡಿಸುವ ಜೀವನಾಂಶಕ್ಕೆ ಈ ಹೆಸರು. ‘ಲಿಸ್ ಪೆಂಡೆನ್ಸ್’ ಎಂದರೆ ತೂಗುತ್ತಿರುವ ದಾವೆ. ಈ ಜಮೀನಿನ ಮೇಲೆ ವ್ಯಾಜ್ಯವಿದೆ ಎಂದು ಕೊಳ್ಳುವವರಿಗೆ ಕೊಡುವ ಎಚ್ಚರಿಕೆ. ‘ನೆ ಎಕ್ಸಿಯಾಟ್’ ಎಂದರೆ ‘ಅವನು ಹೊರಹೋಗದಿರಲಿ’. ‘ಎಕ್ಸ್ ಪಾರ್ಟಿ’ ಎಂದರೆ ಒಂದೇ ಕಡೆಯಿಂದ, ಅಂದರೆ ಎದುರಾಳಿಯ ಮಾತು ಕೇಳದೆ.

ಈ ಮಾತುಗಳು ಇಂಗ್ಲೆಂಡಿನಿಂದ ವಲಸೆಗಾರರ ಜೊತೆ ಹೋದವು. ಕೋರ್ಟಿನ ಕಾಗದಪತ್ರಗಳು ಇಂಗ್ಲಿಷಿನಲ್ಲೇ ಇರಬೇಕೆಂಬ ಕಾನೂನು ಅಲ್ಲಿ 1733ರಲ್ಲಿ ಜಾರಿಗೆ ಬಂತು. ಆದರೂ ವಕೀಲರ ನಾಲಿಗೆಯಿಂದ ಲ್ಯಾಟಿನ್ ಇಳಿಯಲಿಲ್ಲ. 1848ರಲ್ಲಿ ನ್ಯೂಯಾರ್ಕಿನ ಡೇವಿಡ್ ಡಡ್ಲಿ ಫೀಲ್ಡ್ ಮುಂದಾಳುತನದಲ್ಲಿ ರೂಪುಗೊಂಡ ಸಂಹಿತೆ ಬಂಧನ, ಜಪ್ತಿ, ತಡೆಯಾಜ್ಞೆಗಳನ್ನು ತಾತ್ಕಾಲಿಕ ಪರಿಹಾರಗಳೆಂದು ಸರಳ ಇಂಗ್ಲಿಷಿನಲ್ಲಿ ಒಂದೆಡೆ ತಂದಿತು. ಹಳೆಯ ಮಾತುಗಳು ಆಮೇಲೂ ಉಳಿದವು.

ತಾತ್ಕಾಲಿಕ ಹುಕುಮೇ ಬೇಡವೆನ್ನಲಾಗದು. ತೀರ್ಪು ಬರುವುದರೊಳಗೆ ಸಾಲಗಾರ ಆಸ್ತಿ ಮಾರಿ ಓಡಿಹೋದರೆ ಗೆದ್ದವನ ಕೈಯಲ್ಲಿ ಉಳಿಯುವುದು ಬರೀ ಕಾಗದ. ಗಂಡ ಬಿಟ್ಟ ಹೆಂಗಸು ತೀರ್ಪಿನವರೆಗೆ ಉಪವಾಸ ಇರಲಾರಳು. ಪ್ರಶ್ನೆ ಬೇರೆಯದು: ದಾವೆ ತೂಗಾಡುವಷ್ಟು ಕಾಲ ಕಷ್ಟ ಯಾರ ತಲೆಯ ಮೇಲೆ?

ಫ್ಲೋರಿಡಾದ ಮಾರ್ಗರಿಟಾ ಫುವೆಂಟೆಸ್ ಎಂಬ ಮಹಿಳೆಯ ಪ್ರಕರಣ ಇದನ್ನೇ ಕೇಳಿತು. ಆಕೆ ಕಂತಿನ ಮೇಲೆ ಒಂದು ಗ್ಯಾಸ್ ಒಲೆ, ಒಂದು ಸ್ಟೀರಿಯೋ ಕೊಂಡಿದ್ದರು. ಬೆಲೆ ಸುಮಾರು 500 ಡಾಲರ್, ಮೇಲೆ ನೂರಕ್ಕೂ ಹೆಚ್ಚು ಬಡ್ಡಿ ಖರ್ಚು. ವರ್ಷಕ್ಕಿಂತ ಹೆಚ್ಚು ಕಾಲ ಕಂತು ಕಟ್ಟಿದ್ದರು. ಸುಮಾರು 200 ಡಾಲರ್ ಉಳಿದಿದ್ದಾಗ ಒಲೆಯ ರಿಪೇರಿ ವಿಷಯದಲ್ಲಿ ತಕರಾರು ಬಂತು. ಮಾರಿದ ಕಂಪನಿ ಕೋರ್ಟಿಗೆ ಹೋಯಿತು. ಗುಮಾಸ್ತ ಅರ್ಜಿಗೆ ಮೊಹರು ಒತ್ತಿದ. ಸಮನ್ಸ್ ಆಕೆಯ ಕೈ ಸೇರುವ ಮೊದಲೇ, ಅದೇ ದಿನ, ಷರೀಫನ ಕಡೆಯವನು ಮನೆಗೆ ಬಂದು ಒಲೆಯನ್ನೂ ಸ್ಟೀರಿಯೋವನ್ನೂ ಒಯ್ದ. ಮೂರು ದಿನದೊಳಗೆ ಅವನ್ನು ಬಿಡಿಸಿಕೊಳ್ಳಬೇಕಾದರೆ ಅವುಗಳ ಬೆಲೆಯ ಎರಡರಷ್ಟಕ್ಕೆ ಭದ್ರತೆ ಕೊಡಬೇಕಿತ್ತು. ಇದೇ ಜೊತೆ ವಿಚಾರಣೆಗೆ ಬಂದ ಪೆನ್ಸಿಲ್ವೇನಿಯಾದ ಮೊಕದ್ದಮೆಯಲ್ಲಿ, ಮಾಜಿ ಗಂಡನ ಅರ್ಜಿಯ ಮೇಲೆ ಒಬ್ಬ ತಾಯಿಯ ಮನೆಯಿಂದ ಮಗನ ಬಟ್ಟೆ, ಆಟಿಕೆಗಳನ್ನು ಹೊತ್ತೊಯ್ಯಲು ಹುಕುಂ ಆಗಿತ್ತು.

1972ರ ಜೂನ್ 12ರಂದು ಅಮೆರಿಕದ ಸುಪ್ರೀಂ ಕೋರ್ಟು, ಮೂವರ ವಿರುದ್ಧ ನಾಲ್ವರ ಬಹುಮತದಿಂದ, ಈ ಪದ್ಧತಿ ಸಂವಿಧಾನಬಾಹಿರವೆಂದಿತು. ವಿಶೇಷ ಸಂದರ್ಭ ಬಿಟ್ಟರೆ ವಸ್ತು ಒಯ್ಯುವ ಮೊದಲೇ ನೋಟೀಸು ಕೊಡಬೇಕು, ಮಾತು ಕೇಳಬೇಕು ಎಂದು ನ್ಯಾಯಮೂರ್ತಿ ಪಾಟರ್ ಸ್ಟೀವರ್ಟ್ ಬರೆದರು. ಒಲೆ ಅಗತ್ಯ ವಸ್ತುವಲ್ಲ ಎಂಬ ವಾದವನ್ನು ಅವರು ಒಪ್ಪಲಿಲ್ಲ. ಆದರೆ 1974ರಲ್ಲಿ ಅದೇ ಕೋರ್ಟು ಲೂಸಿಯಾನಾದ ಪ್ರಕರಣದಲ್ಲಿ ಸ್ವಲ್ಪ ಹಿಂದೆ ಸರಿಯಿತು. ನ್ಯಾಯಾಧೀಶರೇ ಅರ್ಜಿ ನೋಡಿ, ಸಾಲ ಕೊಟ್ಟವನಿಂದ ಭದ್ರತೆ ಪಡೆದು, ಜಪ್ತಿಯಾದ ಕೂಡಲೇ ವಿಚಾರಣೆಗೆ ಅವಕಾಶ ಕೊಟ್ಟರೆ ಸಾಕೆಂದಿತು. ಇಂದು ಅಲ್ಲಿನ ಫೆಡರಲ್ ಕೋರ್ಟುಗಳಲ್ಲಿ ಎದುರಾಳಿಗೆ ತಿಳಿಸದೆ ಕೊಟ್ಟ ತಡೆಯಾಜ್ಞೆ, ವಿಸ್ತರಿಸದಿದ್ದರೆ, 14 ದಿನಕ್ಕಿಂತ ಹೆಚ್ಚು ನಿಲ್ಲುವಂತಿಲ್ಲ.

ನಮ್ಮ ದೇಶದ 1955ರ ಹಿಂದೂ ವಿವಾಹ ಕಾಯಿದೆಯ 24ನೇ ಕಲಮಿನ ಇಂಗ್ಲಿಷ್ ಶೀರ್ಷಿಕೆಯಲ್ಲೂ ‘ಪೆಂಡೆಂಟೆ ಲಿಟೆ’ ಇದೆ. ಆ ಮಾತನ್ನು ಕನ್ನಡಕ್ಕೆ ತಂದರೆ ಒಳ್ಳೆಯದೇ. ಆದರೆ ಫುವೆಂಟೆಸ್‌ಗೆ ಬೇಕಾಗಿದ್ದದ್ದು ನಿಘಂಟಲ್ಲ. ಒಲೆ ಎತ್ತುವ ಮೊದಲು ‘ನಿಮ್ಮದೇನು ಹೇಳಿಕೆ?’ ಎಂದು ಯಾರಾದರೂ ಕೇಳಬೇಕಿತ್ತು. ‘ಎಕ್ಸ್ ಪಾರ್ಟಿ’ ಎಂಬ ಮಾತು ಎಲ್ಲಿ ಕಿವಿಗೆ ಬಿದ್ದರೂ ನಾವು ಮೊದಲು ವಿಚಾರಿಸಬೇಕಾದದ್ದು, ಇನ್ನೊಂದು ಕಡೆಯವರು ಯಾರು, ಅವರನ್ನು ಕೇಳುವುದು ಯಾವಾಗ ಎಂದು.