ಸೆಕೆಂಡ್ ಹ್ಯಾಂಡ್ ಡ್ಯಾಕು, ರೇಡಿಯೊ ಲೈಸೆನ್ಸು ಮತ್ತು ಒಂದು ಹಾಳೆ

ತುಂಬಾ ದಿನ ಆಯ್ತು ಈ ಕಡೆ ತಲೆ ಹಾಕಿ. ಮಳೆ, ಹೊಗೆಸೊಪ್ಪಿನ ಕೆಲಸ, ಆಮೇಲೆ ಸೋಮಾರಿತನ... ಕಾರಣಕ್ಕೇನು ಬರ! ಹೋದ ವಾರ ಮನೆಯಿಂದ ಒಂದು ಕಬ್ಬಿಣದ ಪೆಟ್ಟಿಗೆ ಮಾರಿದೆ. ಮಾರಿದ ಮೇಲೆ ಅದರ ಚರಿತ್ರೆ ಬರೆಯಬೇಕು ಅನ್ನಿಸ್ತು. ಸ್ವಲ್ಪ ಉದ್ದ ಆಗತ್ತೆ, ಕಾಫಿ ಲೋಟ ಪಕ್ಕದಲ್ಲಿ ಇಟ್ಕೊಂಡು ಓದಿ.

ನಮ್ಮೂರು ವೀರನಹೊಸಹಳ್ಳಿ. ಹುಣಸೂರು ತಾಲ್ಲೂಕು, ನಾಗರಹೊಳೆ ಕಾಡಿನ ಬಾಗಿಲು. ದಸರಾಕ್ಕೆ ಮುಂಚೆ ಗಜಪಯಣ ಅಂತ ಆನೆಗಳಿಗೆ ಪೂಜೆ ಮಾಡಿ ಮೈಸೂರಿಗೆ ಕಳಿಸೋದನ್ನ ಟೀವಿಯಲ್ಲಿ ನೋಡಿರ್ತೀರಲ್ಲ, ಆ ಊರು. ಆನೆಗೂ ನಾನು ಮಾರಿದ ಪೆಟ್ಟಿಗೆಗೂ ಏನು ಸಂಬಂಧ ಅಂತ ಕೇಳಬೇಡಿ. ಇಲ್ಲ :)

ಆ ಪೆಟ್ಟಿಗೆಯ ಹೆಸರು ಡ್ಯಾಕು. ಸಿಡಿಯಲ್ಲೋ ಕಂಪ್ಯೂಟರಿನಲ್ಲೋ ಹಾಡು ಅಂತ ಇರೋದು ಬರೀ ಅಂಕಿಗಳು. ಸಿಡಿಯಲ್ಲಾದರೆ ಒಂದು ಸೆಕೆಂಡಿಗೆ, ಒಂದೊಂದು ಕಿವಿಗೆ, 44,100 ಅಂಕಿ. ಪ್ರತಿ ಅಂಕಿಯೂ 65,536 ಮೆಟ್ಟಿಲುಗಳಲ್ಲಿ ಯಾವುದೋ ಒಂದು ಮೆಟ್ಟಿಲು. ಚಾಮುಂಡಿ ಬೆಟ್ಟದ್ದು ಸಾವಿರ ಮೆಟ್ಟಿಲು, ಲೆಕ್ಕ ಹಾಕಿ. ಆ ಅಂಕಿಯನ್ನು ಓದಿ ಅಷ್ಟೇ ಎತ್ತರದ ವಿದ್ಯುತ್ತು ಮಾಡಿ ಆಂಪ್ಲಿಫೈಯರಿಗೆ ಕೊಡುವುದು ಡ್ಯಾಕಿನ ಕೆಲಸ. ಇದು ನಿಮ್ಮ ಮೊಬೈಲಿನಲ್ಲೂ ಇದೆ, ಟೀವಿಯಲ್ಲೂ ಇದೆ. ಅದನ್ನೇ ಬೇರೆ ಪೆಟ್ಟಿಗೆಯಲ್ಲಿಟ್ಟು, ಬೇರೆ ಕರೆಂಟು ಕೊಟ್ಟು ಸಾಕೋದು ನಮ್ಮಂಥವರ ಹುಚ್ಚು.

ಆದರೆ ಹಳೇ ಪೆಟ್ಟಿಗೆ ಕೊಳ್ಳೋ ಮಾರೋ ಹುಚ್ಚು ನಮ್ಮಲ್ಲಿ ಡ್ಯಾಕಿಗಿಂತ ತುಂಬಾ ಹಳೇದು. 1935ರಲ್ಲಿ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಮೇಷ್ಟ್ರು ಡಾ. ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಿಂದಲೇ ಬಾನುಲಿ ಶುರು ಮಾಡಿದರು. 'ಆಕಾಶವಾಣಿ' ಅನ್ನೋ ಹೆಸರು ಇಡೀ ದೇಶದ ರೇಡಿಯೊಗೆ ಹೋಗಿದ್ದು ಆಮೇಲೆ, ಮೈಸೂರಿನದು ಮೊದಲು. ಬಾನುಲಿ ಬಂದ ಮೇಲೆ ರೇಡಿಯೊ ಪೆಟ್ಟಿಗೆ ಬಂತು, ಹೊಸದು ಬಂದ ಮೇಲೆ ಹಳೇದು ಕೈ ಬದಲಾಯಿಸೋದೂ ಬಂತು.

ನಮ್ಮ ತಾತ ಹುಣಸೂರಿನಲ್ಲಿ ಒಂದು ಹಳೇ ವಾಲ್ವ್ ರೇಡಿಯೊ ಕೊಂಡಿದ್ದರು. ರೇಡಿಯೊ ಯಾವಾಗಲೋ ಗುಜರಿಗೆ ಹೋಯ್ತು. ಆದರೆ ಅದರ ಲೈಸೆನ್ಸ್ ಪುಸ್ತಕ ಟ್ರಂಕಿನಲ್ಲಿ ಇನ್ನೂ ಇದೆ. ಈಗಿನ ಹುಡುಗರಿಗೆ ಹೇಳಿದರೆ ನಗ್ತಾರೆ, ಆಗ ರೇಡಿಯೊ ಕೇಳೋದಕ್ಕೆ ಲೈಸೆನ್ಸ್ ಬೇಕಿತ್ತು! ವರ್ಷಕ್ಕೊಮ್ಮೆ ಪೋಸ್ಟ್ ಆಫೀಸಿನಲ್ಲಿ ದುಡ್ಡು ಕಟ್ಟಬೇಕು. 1980ರ ದಶಕದಲ್ಲಿ ಸರ್ಕಾರ ಅದನ್ನು ತೆಗೆದುಹಾಕಿತು. ಪೀಡೆ ತೊಲಗಿತು ಅಂತ ಎಲ್ಲರೂ ಖುಷಿಪಟ್ಟಿರಬೇಕು. ಆದರೆ ಒಂದು ಮಾತು ನೋಡಿ. ನಮ್ಮ ಟ್ರಂಕಿನ ಪುಸ್ತಕದಲ್ಲಿ ರೇಡಿಯೊ ಯಾವ ಕಂಪನಿಯದು, ಯಾರ ಹೆಸರಿನಲ್ಲಿದೆ, ಯಾವ ವರ್ಷ ದುಡ್ಡು ಕಟ್ಟಿದೆ ಎಲ್ಲಾ ಇದೆ. ಆ ರೇಡಿಯೊಗೆ ಒಂದು ಜಾತಕ ಇತ್ತು. ಇದನ್ನು ನೆನಪಿಟ್ಟುಕೊಳ್ಳಿ, ಕೊನೆಗೆ ಬೇಕಾಗತ್ತೆ.

ಈಗ ಡ್ಯಾಕಿಗೆ ಬರೋಣ. 1982ರ ಅಕ್ಟೋಬರ್ 1ರಂದು ಜಪಾನಿನಲ್ಲಿ ಸೋನಿಯ ಮೊದಲ ಸಿಡಿ ಪ್ಲೇಯರ್ ಅಂಗಡಿಗೆ ಬಂತು. ಸಿಡಿ ಮಾಡೋದರಲ್ಲಿ ಜೊತೆಗಿದ್ದ ಫಿಲಿಪ್ಸ್‌ನವರಿಗೆ ಒಂದು ಪೇಚಾಟ. ಅವರ ಕೈಲಿದ್ದ ಟಿಡಿಎ 1540 ಚಿಪ್ಪು 14 ಬಿಟ್ಟಿನದು, ಅಂದರೆ ಬರೀ 16,384 ಮೆಟ್ಟಿಲು. ಒಪ್ಪಂದವಾಗಿದ್ದು 16 ಬಿಟ್ಟಿಗೆ. ಅವರು ಮಾಡಿದ ಉಪಾಯ, ಅಂಕಿಗಳನ್ನು ನಾಲ್ಕು ಪಟ್ಟು ವೇಗಕ್ಕೆ ಏರಿಸಿ ತಪ್ಪನ್ನು ಕಿವಿಗೆ ಕೇಳದಷ್ಟು ಮೇಲಕ್ಕೆ ತಳ್ಳಿದ್ದು. ಇಲ್ಲದ್ದನ್ನು ಜಾಣತನದಿಂದ ಸರಿದೂಗಿಸೋದು ನಮ್ಮ ಹಳ್ಳಿ ಮೆಕ್ಯಾನಿಕ್‌ಗಳಿಗೆ ಮಾತ್ರ ಗೊತ್ತು ಅಂದುಕೊಂಡಿದ್ದೆ!

ಆಮೇಲೆ ಬಂದದ್ದು 16 ಬಿಟ್ಟಿನ ಟಿಡಿಎ 1541. ಒಳಗಿನ ವಿದ್ಯುತ್ ಪಾಲುಗಳು ಒಂದಕ್ಕೊಂದು ಸರಿಸಮ ಇರಬೇಕು. ಇರೋದು ಕಷ್ಟ. ಅದಕ್ಕೆ ಆ ಚಿಪ್ಪು ಪಾಲುಗಳನ್ನು ಬೇಗ ಬೇಗ ಅದಲುಬದಲು ಮಾಡ್ತಾ ಹೋಗತ್ತೆ. ಅಣ್ಣತಮ್ಮಂದಿರಿಗೆ ಪಾಯಸ ಬಡಿಸುವಾಗ ಅವ್ವ ಸಲಕ್ಕೊಮ್ಮೆ ಲೋಟ ಬದಲಾಯಿಸಿದ ಹಾಗೆ. ಕೊನೆಗೆ ಎಲ್ಲರಿಗೂ ಒಂದೇ ಸಮ. ತಯಾರಾದ ಚಿಪ್ಪುಗಳನ್ನು ಅಳೆದು, ಕರಾರುವಾಕ್ಕಾಗಿರೋದನ್ನು ಬೇರೆ ಆರಿಸಿ ಎಸ್1 ಅಂತ ಬರೆದು ಒಂದು ಪುಟ್ಟ ಕಿರೀಟದ ಗುರುತು ಒತ್ತಿದರು. ಹೊಗೆಸೊಪ್ಪು ಬೆಳೆಯೋ ನಮಗೆ ಇದು ಚೆನ್ನಾಗಿ ಅರ್ಥ ಆಗತ್ತೆ. ಒಂದೇ ಹೊಲ, ಒಂದೇ ಬ್ಯಾರನ್ನು. ಆದರೆ ಹರಾಜಿಗೆ ಹೋಗುವಾಗ ಬ್ರೈಟು ಬೇರೆ, ಮೀಡಿಯಮ್ಮು ಬೇರೆ, ಲೋ ಬೇರೆ. ಬೆಲೆ ಗ್ರೇಡಿಗೆ.

1980ರ ದಶಕದ ಕೊನೆಗೆ ಇಂಗ್ಲೆಂಡಿನ ಆರ್ಕಾಮ್ ಕಂಪನಿ 'ಬ್ಲ್ಯಾಕ್ ಬಾಕ್ಸ್' ಅಂತ ಬೇರೆ ಪೆಟ್ಟಿಗೆಯಲ್ಲೇ ಡ್ಯಾಕು ಮಾರಿತು. ಅಲ್ಲಿಂದ ಸೆಕೆಂಡ್ ಹ್ಯಾಂಡ್ ದಾರಿ ಸಲೀಸು. ಯಾಕೆ ಗೊತ್ತಾ? ಸಿಡಿ ಪ್ಲೇಯರಿನಲ್ಲಿ ಮೊದಲು ಸಾಯೋದು ಲೇಸರ್ರು, ತಿರುಗೋ ಮೋಟಾರು. ಡ್ಯಾಕಿನಲ್ಲಿ ತಿರುಗೋದು ಏನೂ ಇಲ್ಲ. ಕರೆಂಟು ಸರಿಯಾಗಿದ್ದರೆ, ಒಣಗಿದ ಕೆಪಾಸಿಟರ್ ಬದಲಾಯಿಸಿದರೆ, ಮೂವತ್ತು ವರ್ಷದ ಪೆಟ್ಟಿಗೆಯೂ ಹಾಡತ್ತೆ. ಸತ್ತ ಪ್ಲೇಯರಿನಿಂದ ಚಿಪ್ಪು ಕಿತ್ತು ಹೊಸ ಬೋರ್ಡಿಗೆ ಹಾಕೋದು ಜಗತ್ತಿನಾದ್ಯಂತ ಒಂದು ವ್ಯಾಪಾರವೇ ಆಯ್ತು.

ನಮ್ಮಲ್ಲಿಗೆ ಬಂದದ್ದು ನಿಧಾನ. ಹೊರದೇಶದ ಎಲೆಕ್ಟ್ರಾನಿಕ್ ಸಾಮಾನು ತರೋದಕ್ಕೆ ಬಿಗಿ ಕಟ್ಟುಪಾಡು ಇತ್ತು. ಗಲ್ಫಿನಿಂದ, ಸಿಂಗಪುರದಿಂದ ಬರೋರ ಸೂಟ್‌ಕೇಸಿನಲ್ಲಿ ಬಂದರೆ ಬಂತು. ಇಲ್ಲದಿದ್ದರೆ ಮದ್ರಾಸಿನ ಬರ್ಮಾ ಬಜಾರು. ಆಮದಿನ ಮೇಲಿದ್ದ ಪರಿಮಾಣ ನಿರ್ಬಂಧದ ಕೊನೆಯ ಪಟ್ಟಿ ತೆಗೆದದ್ದು 2001ರ ಏಪ್ರಿಲ್ 1ಕ್ಕೆ. ಅಷ್ಟರಲ್ಲಿ ವಿಸಿಡಿ ಪ್ಲೇಯರು ಹಳ್ಳಿಹಳ್ಳಿಗೂ ನುಗ್ಗಿತ್ತು. ಸೊಪ್ಪಿನ ದುಡ್ಡು ಬಂದ ಮನೆಯಲ್ಲೆಲ್ಲಾ ಒಂದು ಡ್ಯಾಕು ಗೊತ್ತಿಲ್ಲದೇ ಬಂದು ಕೂತಿತ್ತು ಅಂತಾಯ್ತು.

ಆಮೇಲೆ ಯುಎಸ್‌ಬಿ ಕಾಲ. ಇಲ್ಲಿ ನಮ್ಮ ಬ್ಲಾಗ್ ಬಳಗ ಹೆಮ್ಮೆ ಪಡೋ ಸಂಗತಿಯೊಂದಿದೆ. 2011ರಲ್ಲಿ ಎನ್‌ಡಬ್ಲ್ಯೂಎವಿಗೈ ಅನ್ನೋ ಅಡ್ಡಹೆಸರಿನ ಒಬ್ಬ, ನಮ್ಮ ಹಾಗೇ ಪುಕ್ಕಟೆ ಬ್ಲಾಗೊಂದರಲ್ಲಿ, ದುಬಾರಿ ಪೆಟ್ಟಿಗೆಗಳನ್ನು ಅಳೆದು ಬಣ್ಣ ಬಯಲು ಮಾಡತೊಡಗಿದ. ಓ2 ಅನ್ನೋ ಹೆಡ್‌ಫೋನ್ ಆಂಪ್ಲಿಫೈಯರಿನ ನಕ್ಷೆಯನ್ನೇ ಬಿಟ್ಟಿಯಾಗಿ ಕೊಟ್ಟ. 2012ರಲ್ಲಿ ಓಡ್ಯಾಕ್ ಅನ್ನೋ ಡ್ಯಾಕು ಹೊರಬರೋ ಹಾಗೆ ಮಾಡಿದ. ಅದೇ ವರ್ಷ ಬರೆಯೋದು ನಿಲ್ಲಿಸಿ ಮಾಯವಾದ! 'ಕಿವಿ ಸುಳ್ಳು ಹೇಳಬಹುದು, ಅಳತೆ ನೋಡಿ' ಅನ್ನೋ ಅವನ ಹಟ ಮಾತ್ರ ಉಳಿಯಿತು.

2020ರ ಅಕ್ಟೋಬರಿನಲ್ಲಿ ಜಪಾನಿನ ನೊಬೆಯೊಕದಲ್ಲಿದ್ದ ಎಕೆಎಂ ಕಂಪನಿಯ ಚಿಪ್ ಕಾರ್ಖಾನೆಗೆ ಬೆಂಕಿ ಬಿತ್ತು. ಆ ಚಿಪ್ಪು ನಂಬಿಕೊಂಡಿದ್ದ ಡ್ಯಾಕ್ ಕಂಪನಿಗಳು ಇಎಸ್ಎಸ್ ಚಿಪ್ಪಿಗೆ ಹೊಸದಾಗಿ ನಕ್ಷೆ ಬರೆಯಬೇಕಾಯ್ತು. ಹೊಸದು ಸಿಗದಿದ್ದಾಗ ಜನ ಹಳೇದನ್ನು ಹುಡುಕ್ತಾರೆ. ಹುಡುಕೋರು ಜಾಸ್ತಿ ಆದಾಗ ಮೋಸವೂ ಜಾಸ್ತಿ.

ಇಲ್ಲಿಗೆ ನನ್ನ ಕಥೆ. 2018ರಲ್ಲಿ ಬೆಂಗಳೂರಿನಲ್ಲಿದ್ದಾಗ ಒಬ್ಬರ ಹತ್ತಿರ 14,000 ಕೊಟ್ಟು ಒಂದು ಡ್ಯಾಕು ತಂದೆ. ಮುಚ್ಚಳ ಬಿಚ್ಚಿ ತೋರಿಸಿದರು; ಒಳಗೆ ಎಸ್1, ತಲೆ ಮೇಲೆ ಕಿರೀಟ. ಆರು ತಿಂಗಳು ಖುಷಿಯಾಗಿ ಕೇಳಿದೆ. ಊರಿಗೆ ವಾಪಸ್ ಬಂದ ಮೇಲೆ ಸಂಜೆ ವೋಲ್ಟೇಜಿನ ಆಟಕ್ಕೆ ಗುಂಯ್ ಅನ್ನತೊಡಗಿತು. ಮೈಸೂರಿನಲ್ಲಿ ರಿಪೇರಿ ಮಾಡೋ ಹಿರಿಯರೊಬ್ಬರಿಗೆ ಕೊಟ್ಟೆ. ಕೆಪಾಸಿಟರ್ ಬದಲಾಯಿಸಿದರು. ಆಮೇಲೆ ಹತ್ತಿಯನ್ನು ಉಗುರುಬಣ್ಣ ತೆಗೆಯೋ ದ್ರವದಲ್ಲಿ ಅದ್ದಿ ಚಿಪ್ಪಿನ ಮೇಲೆ ಎಳೆದರು. ಕಿರೀಟ ಹತ್ತಿಗೆ ಬಂತು. ಕೆಳಗೆ ಉಜ್ಜಿದ ಗೀರುಗಳು. ಮಾಮೂಲಿ ಚಿಪ್ಪಿನ ಹೆಸರು ಅಳಿಸಿ ಯಾರೋ ಪಟ್ಟಾಭಿಷೇಕ ಮಾಡಿದ್ದರು.

"ಹಾಡು ಚೆನ್ನಾಗೇ ಬರ್ತಿದೆಯಲ್ಲ ಸ್ವಾಮಿ, ಬಿಡಿ" ಅಂದರು ಅವರು. ನಿಜ. ಕಿರೀಟ ಹೋದ ಮೇಲೂ ಅದೇ ಹಾಡು ಅದೇ ಥರ ಕೇಳ್ತಿತ್ತು. ನನಗೆ ಮಾತ್ರ ಬೇರೆ ಥರ ಕೇಳತೊಡಗಿತು!

ಈಗ ಮಾರೋ ಕಾಲ ಬಂತು. ಪಿರಿಯಾಪಟ್ಟಣ ಕಡೆಯ ಒಬ್ಬ ಹುಡುಗನಿಗೆ ನಾನು ಹಿಂದೆ ತೆಗೆದಿದ್ದ ಹಳೇ ಫೋಟೊ ಸಿಕ್ಕಿತ್ತು. ಫೋಟೊದಲ್ಲಿ ಕಿರೀಟ ಇತ್ತು. ಫೋನ್ ಮಾಡಿ "ಅಣ್ಣ, ಹನ್ನೆರಡು ಸಾವ್ರಕ್ಕೆ ಕೊಡ್ತೀರಾ?" ಅಂದ. ಚಿಪ್ಪಿನ ಬಗ್ಗೆ ಅವನು ಏನೂ ಕೇಳಲಿಲ್ಲ. ನಾನು ಸುಮ್ಮನಿದ್ದರೆ ಸಾಕಿತ್ತು, ಸುಳ್ಳು ಹೇಳೋದೂ ಬೇಕಿರಲಿಲ್ಲ. ಒಂದು ರಾತ್ರಿ ಪೂರ್ತಿ ನನಗೆ ನಾನೇ ವಕೀಲಿಕೆ ಮಾಡಿಕೊಂಡೆ: ನನಗೂ ಮೋಸ ಆಗಿದೆ, ಹಾಡು ಚೆನ್ನಾಗಿದೆ, ಅವನಿಗೇನು ಗೊತ್ತಾಗತ್ತೆ... ಬಹುಶಃ ನನಗೆ ಮಾರಿದವರೂ ಹೀಗೇ ಒಂದು ರಾತ್ರಿ ಕಳೆದಿರಬೇಕು. ಅವರಿಗೆ ಮಾರಿದವರೂ. ಮಾಸಿದ ಕಿರೀಟ ಹೀಗೇ ಕೈಯಿಂದ ಕೈಗೆ ದಾಟಿ ಬಂದಿದೆ.

ಆಗ ನೆನಪಾಗಿದ್ದು ತಾತನ ಲೈಸೆನ್ಸ್ ಪುಸ್ತಕ. ಬೆಳಿಗ್ಗೆ ಒಂದು ಹಾಳೆ ತಗೊಂಡು ಬರೆದೆ: ಯಾವ ವರ್ಷ ಕೊಂಡದ್ದು, ಎಷ್ಟಕ್ಕೆ, ಯಾವ ಕೆಪಾಸಿಟರ್ ಬದಲಾಗಿದೆ, ಚಿಪ್ಪು ಎಸ್1 ಅಲ್ಲ, ಮುದ್ರೆ ನಕಲಿ. ಹುಡುಗ ಬಂದಾಗ ಮೊದಲು ಹಾಳೆ ಕೊಟ್ಟೆ, ಆಮೇಲೆ ಪೆಟ್ಟಿಗೆ.

ಓದಿದ. "ಹಂಗಾರೆ ಕಿರೀಟ ಇಲ್ವಾ ಅಣ್ಣ?"

"ಇಲ್ಲ ಕಣಪ್ಪ. ಹಾಡು ಕೇಳು, ಇಷ್ಟ ಆದ್ರೆ ನಾಲ್ಕು ಸಾವಿರ ಕೊಡು."

ಒಂದು ಗಂಟೆ ಕೂತು ಕೇಳಿದ. ಎರಡೂ ಕಡೆ ಸ್ಪೀಕರಿನಲ್ಲಿ ದನಿ ಸಮ ಇದೆಯಾ, ತಂತಿ ಸಿಕ್ಕಿಸೋ ಜಾಗ ಅಲುಗಾಡತ್ತಾ, ಹಾಡಿಲ್ಲದಾಗ ಗುಂಯ್‌ಗುಡತ್ತಾ, ಹಿಂದೆ 230 ವೋಲ್ಟ್ ಅಂತ ಇದೆಯಾ ಅಂತ ನಾನೇ ತೋರಿಸಿಕೊಟ್ಟೆ. ಜಪಾನಿನ ಒಳಗೆ ಮಾರಿದ ಪೆಟ್ಟಿಗೆಯಾದರೆ 100 ವೋಲ್ಟ್ ಇರತ್ತೆ, ನಮ್ಮ ಪ್ಲಗ್ಗಿಗೆ ಹಾಕಿದ ಕೂಡಲೇ ಹೊಗೆ! ನೀವೂ ನೆನಪಿಡಿ. ದುಡ್ಡು ಕೊಟ್ಟು, ಹಾಳೆಯನ್ನು ಮಡಚಿ ಜೇಬಿಗೆ ಹಾಕಿಕೊಂಡು ಹೋದ.

ಮೊನ್ನೆ ಫೋನ್ ಮಾಡಿದ್ದ. ಅವರಜ್ಜಿ ಹಾಡಿದ ಸೋಬಾನೆ ಪದಗಳನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಟ್ಟಿದ್ದಾನಂತೆ, ಅಜ್ಜಿ ಈಗಿಲ್ಲ. "ಅಣ್ಣ, ಪದದ ಮಧ್ಯೆ ಅಜ್ಜಿ ಉಸಿರು ತಗೊಳ್ಳೋದು ಕೇಳುಸ್ತದೆ" ಅಂದ. ರೆಕಾರ್ಡಿನಲ್ಲಿ ಇಲ್ಲದ್ದನ್ನು ಯಾವ ಡ್ಯಾಕೂ ಹುಟ್ಟಿಸಲ್ಲ. ಆ ಉಸಿರು ಮೊದಲಿಂದಲೂ ಅಲ್ಲೇ ಇತ್ತು, ಮೊಬೈಲಿನ ಪುಟ್ಟ ಸ್ಪೀಕರಿನಲ್ಲಿ ಮುಚ್ಚಿಹೋಗಿತ್ತು. ಅವನಿಗೆ ಇದನ್ನೆಲ್ಲಾ ಹೇಳೋಕೆ ಹೋಗಲಿಲ್ಲ.

ಹತ್ತು ಸಾವಿರ ಲಾಸು. ಮನೆಯವಳು ಇನ್ನೂ ಗೊಣಗ್ತಿದ್ದಾಳೆ :)

ನಿಮ್ಮ ಮನೆ ಅಟ್ಟದಲ್ಲಿ ಹಳೇ ಸಿಡಿ ಪ್ಲೇಯರೋ ಡೆಕ್ಕೋ ಇದ್ದರೆ ಗುಜರಿಗೆ ಹಾಕೋ ಮುಂಚೆ ಒಮ್ಮೆ ಮುಚ್ಚಳ ಬಿಚ್ಚಿಸಿ ನೋಡಿ. ಮಾರೋದಾದರೆ ಒಂದು ಹಾಳೆ ಬರೆದಿಡಿ. ರೇಡಿಯೊ ಲೈಸೆನ್ಸ್ ಪುಸ್ತಕ ಯಾರ ಮನೆಯಲ್ಲಾದರೂ ಉಳಿದಿದ್ದರೆ ಕಾಮೆಂಟಿನಲ್ಲಿ ಹೇಳಿ, ಯಾವ ವರ್ಷದ್ದು, ಯಾವ ಪೋಸ್ಟ್ ಆಫೀಸಿನದು ಅಂತ. ಓದೋ ಆಸೆ ಇದೆ.