ಜೋಡಿ ಒಂಟೆಗಳ ಚರಿತ್ರೆ

ಹಿಂದೆ ಭಾಂಬುರ್ಡೆ ಎನಿಸಿಕೊಂಡಿದ್ದ ಪುಣೆಯ ಶಿವಾಜಿನಗರದಲ್ಲಿ ನಾವು ಕೆಲವು ಕನ್ನಡಿಗರು ಭಾನುವಾರ ಮಧ್ಯಾಹ್ನ ಚದುರಂಗಕ್ಕೆ ಕೂಡುತ್ತಿದ್ದೆವು. ಮರಾಠಿ ಗೆಳೆಯರೂ ಬರುತ್ತಿದ್ದರು. ನಮ್ಮ ಮಂತ್ರಿ ಅವರಿಗೆ ವಜೀರ, ನಮ್ಮ ಆನೆ ಅವರಿಗೆ ಹತ್ತಿ. ಒಂಟೆಯನ್ನು ಅವರು ಉಂಟ ಎಂದರೂ ಯಾರಿಗೂ ಅರ್ಥ ಹೇಳಬೇಕಾಗುತ್ತಿರಲಿಲ್ಲ. ನಮ್ಮಲ್ಲಿ ಹಿರಿಯರು ಧಾರವಾಡದ ಕಡೆಯ ಒಬ್ಬರು. ಎಲ್ಲರಿಗೂ ಅವರು ಕಾಕಾ. ಕಾಲಾಳು ಒಂದೊಂದೇ ಮನೆ ನಡೆಯುವ, ರಾಜನು ಒಮ್ಮೆ ಕುದುರೆಯಂತೆ ನೆಗೆಯಬಹುದಾದ ದೇಶೀ ನಿಯಮದಲ್ಲಿ ಆಟ ಕಲಿತವರು. ಕುದುರೆಯ ಮುಂದಿನ ಕಾಲಾಳನ್ನು ಒಂದು ಮನೆ ಸರಿಸಿ, ತೆರವಾದ ಮನೆಯಲ್ಲಿ ಒಂಟೆಯನ್ನು ಕೂರಿಸುವರು, ಎಡಕ್ಕೊಂದು, ಬಲಕ್ಕೊಂದು. ಅದನ್ನು ಅಂಜುಬುರುಕರ ಆಟವೆಂದು ನಾವು ನಗುತ್ತಿದ್ದೆವು. ಮೂವತ್ತು ನಡೆಗಳಾದ ಮೇಲೆ ನಗಲು ಕಾರಣ ಉಳಿಯುತ್ತಿರಲಿಲ್ಲ.

ಆ ಜೋಡಿಯ ಬಲ ಎಲ್ಲಿಂದ ಬಂತೆಂದು ವಿಚಾರಿಸಹೊರಟರೆ ಬಹಳ ಹಿಂದಕ್ಕೆ ಹೋಗಬೇಕು. ಇಂದು ಒಂಟೆ ನಿಲ್ಲುವ ಸ್ಥಾನದಲ್ಲಿ ಮೊದಲು ಇದ್ದದ್ದು ಆನೆ. 1030ರ ಸುಮಾರಿಗೆ ಅಲ್‌ಬಿರೂನಿ ತಾನು ಭಾರತದಲ್ಲಿ ಕಂಡ ಆಟದ ಆನೆಯು ಮುಂದಕ್ಕೆ ಒಂದು ಮನೆ ಅಥವಾ ನಾಲ್ಕು ಓರೆಗಳಲ್ಲಿ ಒಂದು ಮನೆ ನಡೆಯುತ್ತಿತ್ತೆಂದು ವಿವರಿಸಿದ್ದಾನೆ: ನಾಲ್ಕು ಕಾಲು, ಒಂದು ಸೊಂಡಿಲು. ಅರಬರ ಶತ್ರಂಜಿನಲ್ಲಿ ಅದೇ ಆನೆ ಓರೆಯಾಗಿ ಒಂದು ಮನೆ ಹಾರಿ ಎರಡನೆಯ ಮನೆಗೆ ಬೀಳುತ್ತಿತ್ತು. ಹೀಗೆ ಹಾರುವ ಆನೆ ಅರವತ್ತನಾಲ್ಕು ಮನೆಗಳಲ್ಲಿ ಎಂಟನ್ನು ಮಾತ್ರ ಮುಟ್ಟಬಲ್ಲದು. ಎರಡಾನೆಗಳಿದ್ದರೂ ಹದಿನಾರು ಮನೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 1130ರ ಸುಮಾರಿಗೆ ಮಾನಸೋಲ್ಲಾಸದಲ್ಲಿ ಚದುರಂಗವನ್ನು ರಾಜವಿನೋದಗಳ ಸಾಲಿಗೆ ಸೇರಿಸಿದಾಗ ಆಟಕ್ಕೆ ಅಂತಹ ಗೌರವ ದೊರೆತಿತ್ತು. ಓರೆ ನಡೆಯ ಈ ದೂರದ ಓಟವಿನ್ನೂ ಹುಟ್ಟಿರಲಿಲ್ಲ.

ಹದಿನೈದನೆಯ ಶತಮಾನದ ಕೊನೆಗೆ ಯುರೋಪಿನಲ್ಲಿ ಓರೆದಾರಿ ಪೂರ್ತಿ ತೆರೆಯಿತು. ನಡುವಿನ ಮನೆಯಲ್ಲಿ ನಿಂತ ಒಂಟೆಗೆ ಈಗ ಹದಿಮೂರು ಮನೆಗಳು ಕೈಗೆಟುಕುತ್ತವೆ. ಆದರೂ ಒಂದು ಕೊರತೆ ಉಳಿಯಿತು: ಬಿಳಿಮನೆಯ ಒಂಟೆ ಎಂದಿಗೂ ಕರಿಮನೆಯನ್ನು ಮೆಟ್ಟದು. ಒಂದರ ಕೊರತೆಯನ್ನು ಇನ್ನೊಂದೇ ತುಂಬಬೇಕು. ಎರಡಿದ್ದಾಗ ಹಲಗೆಯಲ್ಲಿ ಅವುಗಳಿಗೆ ನಿಷಿದ್ಧವಾದ ಮನೆಯಿಲ್ಲ. ಬರಿಯ ರಾಜನ ಮೇಲೆ ಎರಡು ಒಂಟೆಗಳು ತಮ್ಮ ರಾಜನ ನೆರವಿನಿಂದ ಬಲವಂತವಾಗಿ ಮಾತ್ ಮಾಡಬಲ್ಲವು. ಎರಡು ಕುದುರೆಗಳಿಗೆ ಅದು ಸಾಧ್ಯವಿಲ್ಲ.

ಆದರೆ ನಮ್ಮ ನಾಡಿನಲ್ಲಿ ಕೀರ್ತಿ ಸಂದದ್ದು ಕುದುರೆಗೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794-1868) ಕುದುರೆಯು ಪ್ರತಿ ಮನೆಯನ್ನೂ ಒಮ್ಮೆ ಮಾತ್ರ ಮೆಟ್ಟುವ ಬಂಧಗಳನ್ನು ರಚಿಸಿ ಉಳಿಸಿಹೋದರು. ಪುಣೆಯಲ್ಲಿ ಎರಡನೆಯ ಬಾಜೀರಾಯನು ಇನ್ನೂ ಪೇಶ್ವೆಯಾಗಿದ್ದಾಗಲೇ, 1814ರಲ್ಲಿ, ತ್ರಿವೆಂಗಡಾಚಾರ್ಯ ಶಾಸ್ತ್ರಿಗಳ ಚದುರಂಗ ಗ್ರಂಥವು ಸಂಸ್ಕೃತದಿಂದ ಇಂಗ್ಲಿಷಿಗೆ ಬಂದು, ಯುರೋಪಿನ ಕ್ರಮಕ್ಕೆ ಹೊಂದಿಸಲ್ಪಟ್ಟು, ಮುಂಬಯಿಯಲ್ಲಿ ಅಚ್ಚಾಯಿತು. ಇವರಿಬ್ಬರ ವಿದ್ಯೆ ಉಳಿದದ್ದು ಬರೆದಿಟ್ಟುದರಿಂದ.

ಬರೆಯದೆ ಆಡಿದವರ ಕಥೆ ಬೇರೆ. ಕಲ್ಕತ್ತೆಯಲ್ಲಿ ಮಹೇಶಚಂದ್ರ ಬ್ಯಾನರ್ಜಿ ಎಂಬವರು ಜಾನ್ ಕಾಕ್ರೇನ್ ಎಂಬ ವಕೀಲರೊಡನೆ 1850ರ ದಶಕದಲ್ಲಿ ನೂರಾರು ಆಟಗಳನ್ನಾಡಿದರು. ದೇಶೀ ಅಭ್ಯಾಸದ ಬಲದಿಂದ ಅವರೂ ಕಾಲಾಳನ್ನು ಒಂದೇ ಮನೆ ಸರಿಸಿ ಒಂಟೆಯನ್ನು ಬದಿಯಲ್ಲಿ ಕೂರಿಸುತ್ತಿದ್ದರು. ಇಂದು ಜಗತ್ತು ‘ಇಂಡಿಯನ್ ಡಿಫೆನ್ಸ್’ ಎನ್ನುವ ಪದ್ಧತಿಗಳಿಗೆ ಮೂಲ ಇಂತಹ ಆಟ. 1922ರಲ್ಲಿ ಗ್ರೂನ್‌ಫೆಲ್ಡ್ ಹೆಸರು ಪಡೆದ ಆರಂಭವನ್ನು ಮಹೇಶಚಂದ್ರರು ಅದಕ್ಕಿಂತ ಸುಮಾರು ಏಳು ದಶಕ ಮೊದಲೇ ಆಡಿದ್ದರು. ನಮಗದು ತಿಳಿದಿರುವುದು ಎದುರಾಳಿಯ ಕಡೆಯಿಂದ ಆ ಆಟಗಳು ದಾಖಲೆಗೆ ಬಂದುದರಿಂದ.

ಜೋಡಿಯನ್ನು ಹೇಗೆ ದುಡಿಸಬೇಕೆಂಬುದಕ್ಕೆ ಮಾದರಿಯೆನಿಸಿದ ಆಟ 1873ರಲ್ಲಿ ವಿಯೆನ್ನಾದಲ್ಲಿ ನಡೆಯಿತು. ರೋಸೆಂತಾಲ್ ವಿರುದ್ಧ ಕರಿಯ ಪಡೆ ನಡೆಸಿದ ಸ್ಟೈನಿಟ್ಸ್ ಮೂರನೆಯ ನಡೆಯಲ್ಲೇ ಕುದುರೆಯ ಮುಂದಿನ ಕಾಲಾಳನ್ನು ಒಂದು ಮನೆ ಸರಿಸಿ, ಅಲ್ಲಿ ಒಂಟೆಯನ್ನು ಕೂರಿಸಿದರು. ಅವರು ಕಾಕ್ರೇನರ ಆಟಗಳಿಂದ ಕಲಿತರೆಂದು ನಾವು ಹೇಳುತ್ತಿಲ್ಲ. ಮನೆ ಮಾತ್ರ ಕಾಕಾ ಕೂರಿಸುತ್ತಿದ್ದ ಮನೆಯೇ. ಮುಂದೆ ಎದುರಾಳಿಯ ಒಂದು ಒಂಟೆ ಕುದುರೆಗೆ ಬದಲಾಗಿ ಹೋಯಿತು. ಸ್ಟೈನಿಟ್ಸರ ಬಳಿ ಎರಡೂ ಉಳಿದವು. ಬಳಿಕ ಅವರು ದುಡಿಸಿದ್ದು ಕಾಲಾಳುಗಳನ್ನು. ಒಂದು ಕಾಲಾಳು ಕುದುರೆಯನ್ನು ನಡುಮನೆಯಿಂದ ಎಬ್ಬಿಸಿತು, ಇನ್ನೊಂದು ಅದನ್ನು ಮುಂದಿನ ಮನೆಯಿಂದಲೂ ಅಟ್ಟಿತು. ನಿಲ್ಲಲು ನೆಲೆಯಿಲ್ಲದ ಕುದುರೆ ತನ್ನ ರಾಜನ ಬಳಿಗೆ ಮರಳಿತು. ಹಲಗೆ ಒಂಟೆಗಳ ಪಾಲಾಯಿತು.

ಜೋಡಿಯನ್ನು ಉಳಿಸಿಕೊಂಡ ಮಾತ್ರಕ್ಕೆ ಗೆಲುವಿಲ್ಲ. ದಾರಿ ತೆರೆದಿರಬೇಕು, ಕಾಲಾಳುಗಳು ನಡುವೆ ಕಚ್ಚಿಕೊಂಡು ನಿಂತ ಆಟದಲ್ಲಿ ಕುದುರೆಯೇ ಮೇಲು. ತನ್ನ ಕಾಲಾಳುಗಳೇ ಒಂಟೆಯ ಬಣ್ಣದ ಮನೆಗಳನ್ನು ಮುಚ್ಚಬಾರದು. ಎದುರಿನ ಕುದುರೆಗೆ ಆಸರೆಯ ಮನೆ ಸಿಗಬಾರದು. ಸಮಯ ಕಂಡಾಗ ಒಂದನ್ನು ಬಿಟ್ಟುಕೊಟ್ಟು ಲಾಭ ಪಡೆಯುವ ಸ್ವಾತಂತ್ರ್ಯವೂ ಜೋಡಿ ಇರುವವನದೇ. 1999ರಲ್ಲಿ ಲ್ಯಾರಿ ಕಾಫ್‌ಮನ್ ಸಾವಿರಾರು ಆಟಗಳನ್ನು ಪರಿಶೀಲಿಸಿ ಈ ಜೋಡಿಗೆ ಕಟ್ಟಿದ ಹೆಚ್ಚುವರಿ ಬೆಲೆ ಸುಮಾರು ಅರ್ಧ ಕಾಲಾಳಿನಷ್ಟು.

ಕಾಕಾ ಇದಾವುದನ್ನೂ ಓದಿದವರಲ್ಲ. ಆದರೆ ಒಂಟೆಯನ್ನು ಹೊಡೆಸುವ ಮೊದಲು ಅವರ ಬೆರಳು ಹಲಗೆಯ ಮೇಲೆ ಬಹಳ ಹೊತ್ತು ನಿಲ್ಲುತ್ತಿತ್ತು. ಅವರು ತೀರಿಕೊಂಡ ಬಳಿಕ ಅವರ ಒಂದು ಆಟವನ್ನಾದರೂ ಮತ್ತೆ ಆಡಿನೋಡೋಣವೆಂದು ನಾವು ಕುಳಿತೆವು. ಮೊದಲ ಆರೇಳು ನಡೆಗಳು ಎಲ್ಲರಿಗೂ ನೆನಪಿದ್ದವು. ಮುಂದಿನದರಲ್ಲಿ ಒಬ್ಬೊಬ್ಬರದು ಒಂದೊಂದು ಮಾತಾಯಿತು. ಅಷ್ಟು ವರ್ಷ ಎದುರು ಕುಳಿತು ಸೋತ ನಾವು, ಕಾಕ್ರೇನರ ಕಡೆಯವರು ಮಾಡಿದಷ್ಟನ್ನೂ ಮಾಡಿರಲಿಲ್ಲ. ಈಗ ಹಲಗೆಯ ಪಕ್ಕದಲ್ಲಿ ಒಂದು ನೋಟುಪುಸ್ತಕವಿದೆ. ಸೋತವರು ನಡೆಗಳನ್ನು ಬರೆದಿಡಬೇಕೆಂದು ನಿಯಮ ಮಾಡಿಕೊಂಡಿದ್ದೇವೆ.